ಕಿರಾಣಿ ಅಂಗಡಿಯ ತೂಕದ ಬಟ್ಟಿನಿಂದ ಸ್ಟೀಮ್ ಎಂಜಿನ್: ನನ್ನ ಅನುಭವ

ತೂಕದ ಬಟ್ಟಿನಿಂದ ಪುಟ್ಟ ಮಾಡೆಲ್ ಸ್ಟೀಮ್ ಎಂಜಿನ್ ಆಗಲ್ಲ ಅಂದವರು ನಾಲ್ಕು ಜನ. ಇಬ್ಬರು ಫೌಂಡ್ರಿಯಲ್ಲೇ ತಲೆ ನರೆಸಿಕೊಂಡವರು, ಒಬ್ಬ ನನ್ನ ಅಳಿಯ, ಇನ್ನೊಬ್ಬರು ನಮ್ಮ ಮನೆಯವರು. ಮೊನ್ನೆ ಭಾನುವಾರ ಹಬೆಯ ಬದಲು ಗಾಳಿಯಲ್ಲಿ ಓಡಿಸೋಣ ಅಂತ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪ್ ಸಿಕ್ಕಿಸಿ ಕಾಕ್ ತಿರುಗಿಸಿದೆ. ಹತ್ತು ನಿಮಿಷದ ಮೇಲೆ ಓಡಿತು. ಅಂಗಡಿ ಹುಡುಗನಿಗೆ ಗಿರಾಕಿ ಬಂದರು ಅಂತ ನಾನೇ ನಿಲ್ಲಿಸಿದೆ, ಅದು ತಾನಾಗಿ ನಿಲ್ಲಲಿಲ್ಲ. ಅದಕ್ಕೇ ಈಗ ಬರೀತಾ ಇದ್ದೀನಿ.

ನಾನು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಅಪ್ರೆಂಟಿಸ್ ಆಗಿ ಬೆಳೆದವನು. 1941ರಲ್ಲಿ ಶುರುವಾದ ಆ ಲೇತ್ ಕಾರ್ಖಾನೆ ನಮ್ಮೂರಿಗೆ ಅನ್ನ ಕೊಟ್ಟಿದ್ದು ನಿಮಗೆಲ್ಲ ಗೊತ್ತು. ಆಗ ರಾತ್ರಿ ಪಾಳಿಯಲ್ಲಿ ಹಿತ್ತಾಳೆ ಚೂರುಗಳಿಂದ ಸಿಲಿಂಡರೇ ತೂಗಾಡುವ ಬೆರಳುದ್ದದ ಆಸಿಲೇಟಿಂಗ್ ಎಂಜಿನ್ ಒಂದು ಮಾಡಿದ್ದೆ. ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು. ಆಮೇಲೆ ಮದುವೆ, ಮಕ್ಕಳು, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ದಾವಣಗೆರೆಯ ಜಾಬ್ ವರ್ಕ್ ಶೆಡ್ಡು. ನಲವತ್ತು ವರ್ಷ ನನಗೆ ಅಂತ ಒಂದು ಬೋಲ್ಟೂ ತಿರುಗಿಸಲಿಲ್ಲ.

ನಿವೃತ್ತಿ ದುಡ್ಡಲ್ಲಿ ಹಳೇ ನಾಲ್ಕೂವರೆ ಅಡಿ ರಾಜ್‌ಕೋಟ್ ಲೇತ್ ತಗೊಂಡೆ. ನಲವತ್ತೆರಡು ಸಾವಿರವೋ ಏನೋ, ಸಾಗಿಸಿದ್ದಕ್ಕೆ ಇನ್ನೊಂದು ಮೂರೂವರೆ. ಮನೆಯಲ್ಲಿ ಹೇಳಿದ್ದು ಇಪ್ಪತ್ತೈದು. ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್ ಲೇತ್ ಮೇಲೆ ಕೈ ಪಳಗಿದವನಿಗೆ ಇದು ಎತ್ತು ಮಾರಿ ಹೋತ ಕಟ್ಟಿದ ಹಾಗೆ. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಚಕ್ ಹತ್ತಿರ ಡಯಲ್ ಗೇಜ್ ಇಟ್ಟರೆ ಮುಳ್ಳು ಹದಿನೈದು ಗೆರೆ ಅಲ್ಲಾಡುತ್ತಿತ್ತು. ಗನ್‌ಮೆಟಲ್ ಬುಷ್‌ಗಳಿಗೆ ಎಲ್ಲಿ ಉಬ್ಬಿದೆ ಅಂತ ತಿಳಿಯಲು ನೀಲಿ ಹಚ್ಚಿ, ಕೆರೆದು ಕೆರೆದು ಮೂರು ಗೆರೆಗೆ ತಂದೆ. ಒಂದು ತಿಂಗಳು ಹಿಡಿಯಿತು. ಬೆನ್ನು ನೋವು ಲೆಕ್ಕಕ್ಕಿಲ್ಲ.

ಮೊದಲು ಆಸೆ ಇದ್ದದ್ದು ಇಂಗ್ಲೆಂಡಿನ ಸ್ಟುವರ್ಟ್ 10ವಿ ಕಿಟ್ ಮೇಲೆ. ಮುಕ್ಕಾಲು ಇಂಚು ಬೋರ್ (ಸಿಲಿಂಡರಿನ ಒಳ ಅಡ್ಡಗಲ), ಮುಕ್ಕಾಲು ಇಂಚು ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಮೂರಿಂಚಿನ ಫ್ಲೈವೀಲ್. ಮಾಡೆಲ್ ಎಂಜಿನ್ ಹುಚ್ಚು ಹಿಡಿದವರೆಲ್ಲ ಅಲ್ಲಿಂದಲೇ ಶುರು. ಸಾಗಣೆ, ಸುಂಕ ಎಲ್ಲ ಕೂಡಿಸಿದಾಗ ಮೂವತ್ತು ಸಾವಿರದ ಹತ್ತಿರ ಬಂತು. ಇಲ್ಲೇ ಎರಕ ಹೊಯ್ಯಿಸೋಣ ಅಂದರೆ, ಅಚ್ಚಿಗೆ ಬೇಕಾದ ಮಾದರಿ (ಪ್ಯಾಟರ್ನ್) ನಾನೇ ಕೊಡ್ತೀನಿ ಅಂದರೂ ಒಂದೆರಡು ಪೀಸ್‌ಗೆ ಮೋಲ್ಡ್ ಕಟ್ಟಲು ಯಾರೂ ತಯಾರಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಗುಜರಿ ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದ ಬಟ್ಟುಗಳು. ಎಲ್ಲರೂ ಎಲೆಕ್ಟ್ರಾನಿಕ್ ತಕ್ಕಡಿಗೆ ಹೋದ ಮೇಲೆ ಕಿರಾಣಿಯವರು ಆರು ಮೂಲೆಯ ಬೀಡು ಕಬ್ಬಿಣದ ಬಟ್ಟುಗಳನ್ನು ಗುಜರಿಗೆ ಹಾಕಿಬಿಟ್ಟಿದ್ದಾರೆ. ಕೆಜಿಗೆ ನಲವತ್ತು ರೂಪಾಯಿ. ಐದು ಕೆಜಿಯದು ಅಡ್ಡಗಲ ಹನ್ನೆರಡು ಸೆಂಟಿಮೀಟರ್ ಹತ್ತಿರ ಬರುತ್ತೆ, ನಾಲ್ಕಿಂಚಿನ ಫ್ಲೈವೀಲ್‌ಗೆ ಸಾಕು. ಎರಡು ಕೆಜಿಯದರಲ್ಲಿ ಸಿಲಿಂಡರ್ ಬ್ಲಾಕ್ ಕೊಯ್ದುಕೊಳ್ಳಬಹುದು. ಐದರದು ಮೂರು, ಎರಡರದು ನಾಲ್ಕು ತಂದೆ.

ಬಟ್ಟಿನ ಪಕ್ಕಗಳು ಮೇಲಕ್ಕೆ ಹೋಗ್ತಾ ಕಿರಿದಾಗುತ್ತವೆ. ಮೂರು ದವಡೆಯ ತ್ರೀ ಜಾ ಚಕ್ ಕಚ್ಚಿದ ಹಾಗೆ ಕಾಣುತ್ತೆ, ಕಚ್ಚಿರಲ್ಲ. ಮೊದಲನೇದು ಎಂಬತ್ತು ಆರ್‌ಪಿಎಂನಲ್ಲೇ ಹಾರಿ ಬಕೆಟ್ ಒಡೆದು ಗೋಡೆಗೆ ಬಿತ್ತು. ಆ ಕಡೆ ನಾನಿದ್ದಿದ್ದರೆ ಇದನ್ನು ಬರೆಯಲು ಯಾರೂ ಇರುತ್ತಿರಲಿಲ್ಲ. ಅದನ್ನು ಹಿಡಿಯುವುದಕ್ಕೆ ಈಗ ನನ್ನದೇ ಒಂದು ಉಪಾಯ ಇದೆ, ಅದು ಇಲ್ಲಿ ಬೇಡ. ಬಂದು ನೋಡಿದವರಿಗೆ ತೋರಿಸ್ತೀನಿ.

ಹಿಡಿದ ಮೇಲೆ ನಿಜವಾದ ಕಷ್ಟ ಶುರು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಎರಡು ನಿಮಿಷಕ್ಕೆ ಮೂತಿ ಸುಟ್ಟುಕೊಂಡಿತು. ಅದಕ್ಕಿಂತ ಗಡುಸಾದ, ಕಾರ್ಬೈಡ್ ತುದಿ ಬೆಸೆದ ಕೆ20 ಟೂಲ್ ಹಾಕಿದೆ. ಒಂದು ಸುತ್ತು ಬಂದರೆ ಆರು ಮೂಲೆ, ಟಕ್ ಟಕ್ ಅಂತ ಆರು ಏಟು, ಮೂರನೇ ಸುತ್ತಿನಲ್ಲೇ ಟೂಲ್ ತುದಿ ಚೂರು. ಹೀಗೆ ಆರು ಟೂಲ್ ಹೋದವು. ಒಂದು ಬಟ್ಟನ್ನು ಸುತ್ತಿಗೆಯಿಂದ ಒಡೆದು ನೋಡಿದೆ. ನಡುವೆ ಬೂದು ಬಣ್ಣ, ಸುತ್ತ ಏಳೆಂಟು ಮಿಲಿಮೀಟರ್ ಬೆಳ್ಳಿ ಥರ ಬಿಳಿ. ಅರ ಇಟ್ಟರೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತೆ. ಎರಕ ಬೇಗ ಆರಿ ಹೊರಪದರ ಚಿಲ್ ಆಗಿತ್ತು, ಅಂದರೆ ಟೂಲ್ ಕಚ್ಚದಷ್ಟು ಗಡುಸಾಗಿತ್ತು.

ಫೌಂಡ್ರಿ ಗೆಳೆಯನಿಗೆ ಚೂರು ತೋರಿಸಿದೆ. "ಲೇ, ಇದನ್ನ ಮೆತ್ತಗೆ ಮಾಡಾಕೆ ಒಂಬೈನೂರು ಡಿಗ್ರಿ ಮ್ಯಾಲೆ ತಾಸುಗಟ್ಟಲೆ ಇಡಬೇಕು. ನಿನ್ನ ಬಚ್ಚಲ ಒಲಿಯಾಗೆ ಆಗೋ ಕೆಲಸ ಅಲ್ಲ. ಸುಮ್ನೆ ಒಂದು ಬೀಡಿನ ಬಾರ್ ತಗೋ," ಅಂದ. ಅವನು ಹೇಳಿದ ಲೆಕ್ಕ ಸರಿಯೇ. ಆದರೆ ಬಚ್ಚಲ ಒಲೆಯಲ್ಲಿ ಆಗಲ್ಲ ಅಂದದ್ದು ನನಗೆ ಚುಚ್ಚಿತು.

ಮೊದಲ ಸಲ ಬರೀ ಭತ್ತದ ಹೊಟ್ಟು. ನಮ್ಮ ಕಡೆ ರೈಸ್ ಮಿಲ್‌ಗಳಿಗೆ ಬರ ಇಲ್ಲ, ಚೀಲಗಟ್ಟಲೆ ಸಿಗುತ್ತೆ. ಕಾವು ಅಳೆಯಲು ಆರುನೂರು ರೂಪಾಯಿಯ ಕೆ ಟೈಪ್ ಥರ್ಮೋಕಪಲ್ ತೂರಿಸಿ ನೋಡಿದರೆ ಆರುನೂರ ಐವತ್ತು ದಾಟಲಿಲ್ಲ. ಇಷ್ಟರ ಮಧ್ಯೆ ಬಟ್ಟಿನ ಅಡಿಯಲ್ಲಿ ತೂಕ ಸರಿದೂಗಿಸಲು ತುಂಬಿರುವ ಸೀಸ ಮರೆತೇಹೋಗಿತ್ತು. ಸೀಸ 327 ಡಿಗ್ರಿಗೇ ಕರಗುತ್ತೆ. ಒಲೆಯ ಬೂದಿಯಲ್ಲಿ ಹೊಳೆಯುವ ಗೋಲಿಗಳು ಸಿಕ್ಕಾಗ ಜ್ಞಾಪಕ ಬಂತು. ಆ ಹೊಗೆ ಮೈಗೆ ವಿಷ, ಮನೆಯೊಳಗೆ ಈ ಕೆಲಸ ಮಾಡಲೇಬಾರದು. "ರೀ, ಸ್ನಾನದ ನೀರಿಗೆ ಸೀಸ ಹಾಕ್ತೀರಾ?" ಅಂತ ಮನೆಯವರು ಬಚ್ಚಲಿಂದ ನನ್ನನ್ನೂ ಬಟ್ಟನ್ನೂ ಒಟ್ಟಿಗೇ ಹೊರಗೆ ಹಾಕಿದರು. ಈಗ ಸೀಸ ಡ್ರಿಲ್ ಮಾಡಿ ತೆಗೆದ ಮೇಲೇ ಬೆಂಕಿ, ಅದೂ ಹಿತ್ತಲಲ್ಲಿ.

ಎರಡನೇ ಸಲ ಇದ್ದಿಲು, ಬ್ಲೋವರ್. ಬ್ಲೋವರ್ ಹಾಕಿ ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಒಂದು ಮೂಲೆ ಬೆಲ್ಲದ ಪಾಕದ ಥರ ಇಳಿದುಹೋಗಿತ್ತು. ಉಳಿದ ಭಾಗದ ಮೇಲೆ ಒಂದು ಮಿಲಿಮೀಟರ್ ದಪ್ಪ ಹಕ್ಕಳೆ. ಅದನ್ನು ಹೊರಗೆ ತೆಗೆದು ಗಾಳಿಯಲ್ಲಿ ಆರಲು ಬಿಟ್ಟಿದ್ದೆ, ಅದು ಇನ್ನೊಂದು ತಪ್ಪು. ಅರ ಮತ್ತೆ ಜಾರಿತು. ಇನ್ನೂರು ರೂಪಾಯಿ ಬಟ್ಟಿಗೆ ಮುನ್ನೂರು ರೂಪಾಯಿ ಇದ್ದಿಲು.

ಮೂರನೇ ಸಲ ಎರಡನ್ನೂ ಸೇರಿಸಿದೆ. ದಪ್ಪ ಗೋಡೆಯ ಸ್ಟೀಲ್ ಪೈಪ್ ತುಂಡಿಗೆ ಕೆಳಗೆ ತಗಡು ವೆಲ್ಡ್ ಮಾಡಿ ಡಬ್ಬಿ ಮಾಡಿದೆ. ಒಳಗೆ ಬಟ್ಟು, ಸುತ್ತ ಲೇತ್ ಕೆಲಸದಲ್ಲಿ ಉದುರಿದ ಬೀಡಿನ ಪುಡಿ ಒತ್ತಿ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿದೆ. ಆ ಪುಡಿಗೆ ಇನ್ನೊಂದು ವಸ್ತು ಬೆರೆಸ್ತೀನಿ, ಅಡುಗೆಮನೆಯಲ್ಲೇ ಸಿಗುತ್ತೆ, ಅಷ್ಟು ಹೇಳಿದರೆ ಸಾಕು. ಇದ್ದಿಲಲ್ಲಿ ಒಂಬೈನೂರ ಇಪ್ಪತ್ತರ ಆಸುಪಾಸಿಗೆ ತಂದು ಮೂರು ತಾಸು ಕಾದೆ. ಮೀಟರ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಉದ್ದ ಸಲಾಕೆಯ ತುದಿಗೆ ಆಯಸ್ಕಾಂತ ಕಟ್ಟಿ ಡಬ್ಬಿಗೆ ಮುಟ್ಟಿಸಿ ನೋಡಿ, ಹಿಡಿಯಲಿಲ್ಲ ಅಂದರೆ ಬೇಕಾದ ಕಾವಿಗೆ ಮುಕ್ಕಾಲು ದಾರಿ ಬಂದಿದ್ದೀರಿ. ಆಮೇಲೆ ಬ್ಲೋವರ್ ನಿಲ್ಲಿಸಿ, ಡಬ್ಬಿಯನ್ನು ಅಲ್ಲಾಡಿಸದೆ, ಅದರ ಮೇಲೆ ನಾಲ್ಕು ಚೀಲ ಹೊಟ್ಟು ಸುರಿದುಬಿಟ್ಟೆ. ಹೊಟ್ಟು ಉರಿಯಲ್ಲ, ಒಳಗೊಳಗೇ ಹೊಗೆಯಾಡುತ್ತಾ ಇರುತ್ತೆ, ಅದರ ಬೂದಿ ಕಂಬಳಿ ಹೊದಿಸಿದ ಹಾಗೆ ಕಾವು ಹಿಡಿದಿಡುತ್ತೆ. ಮಾರನೇ ದಿನ ಮಧ್ಯಾಹ್ನಕ್ಕೂ ಕೈ ಇಡಲು ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ತೆಗೆದೆ.

ಅರ ಇಟ್ಟೆ. ಕರ್ ಅಂತ ಕಚ್ಚಿತು.

ಮೂಲೆಗಳನ್ನು ಆಂಗಲ್ ಗ್ರೈಂಡರ್‌ನಲ್ಲಿ ಮೊದಲೇ ತೆಗೆದು ಲೇತ್‌ಗೆ ಏರಿಸಿದೆ. ಅರವತ್ತು ಆರ್‌ಪಿಎಂ, ಮೊದಲ ಕಟ್ಟೇ ಎರಡು ಮಿಲಿಮೀಟರ್ ಆಳ, ತೊಗಲಿನ ಕೆಳಗೆ ಹೋಗುವ ಹಾಗೆ. ಅದೇ ಹಳೇ ಎಚ್‌ಎಸ್‌ಎಸ್ ಟೂಲ್. ಕಪ್ಪು ಪುಡಿ ಸಣ್ಣ ಮಳೆ ಥರ ಬೆಡ್ ಮೇಲೆ ಉದುರಿತು, ಅಂಗೈ ಪೂರಾ ಕಪ್ಪು, ಮೂಗಿನೊಳಗೂ ಕಪ್ಪು. ಆ ವಾಸನೆ ಮೂಗಿಗೆ ಬಡಿದು ಇಪ್ಪತ್ತು ವರ್ಷವೇ ಆಗಿತ್ತು. ಸಂಜೆವರೆಗೆ ಊಟಕ್ಕೆ ಕರೆದರೂ ಹೋಗಲಿಲ್ಲ.

ಸಿಲಿಂಡರ್ ಕಥೆ ಇಷ್ಟು ಸಲೀಸಲ್ಲ. ಇಪ್ಪತ್ತು ಮಿಲಿಮೀಟರ್ ಬೋರ್, ಇಪ್ಪತ್ತೈದು ಸ್ಟ್ರೋಕ್. ಮೊದಲನೇ ಬ್ಲಾಕ್‌ನಲ್ಲಿ ಪೋರ್ಟ್ (ಹಬೆ ಹೋಗಿಬರುವ ದಾರಿ) ಎಲ್ಲ ಮುಗಿಸಿ ಕೊನೇ ಬೋರಿಂಗ್ ಪಾಸ್‌ನಲ್ಲಿ ಎರಕದೊಳಗೆ ಅಡಗಿದ್ದ ಕಡಲೆಕಾಳಿನಷ್ಟು ಗಾಳಿಗುಳಿ (ಬ್ಲೋಹೋಲ್) ಬಾಯಿ ತೆರೆಯಿತು. ಮೂರು ವಾರದ ಕೆಲಸ. ಬಟ್ಟು ಮಾಡುವವನು ಎಂಜಿನ್ ಆಗುತ್ತೆ ಅಂತ ಎರಕ ಹೊಯ್ದಿರಲ್ಲವಲ್ಲ. ಎರಡನೆಯದರಲ್ಲಿ ಮೊದಲು ಬೋರ್, ಆಮೇಲೆ ಪೋರ್ಟ್. ಮಿಲ್ಲಿಂಗ್ ಮಷೀನ್ ನನ್ನ ಹತ್ತಿರ ಇಲ್ಲ. ಎರಡು ಮಿಲಿಮೀಟರ್ ತೂತುಗಳನ್ನು ಸಾಲಾಗಿ ಕೊರೆದು, ಮುರಿದ ಡ್ರಿಲ್ ಬಿಟ್ಟಿನಿಂದ ಮಾಡಿದ ಪುಟ್ಟ ಉಳಿಯಲ್ಲಿ ಅವನ್ನು ಒಂದು ಮಾಡಿದೆ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿಕ್ಕಿ ಬೋರ್ ನುಣುಪು ಮಾಡಿದೆ. ಪಿಸ್ಟನ್‌ಗೂ ಅದೇ ಬೀಡು, ರಿಂಗ್ ಇಲ್ಲ, ಗ್ರಾಫೈಟ್ ದಾರ ಸುತ್ತಿದ್ದೇನೆ. ಒಮ್ಮೆ ರಬ್ಬರ್ ಓ ರಿಂಗ್ ಹಾಕಿ ನೋಡಿದ್ದೆ, ಬ್ರೇಕ್ ಹಿಡಿದ ಹಾಗೆ ನಿಂತಿತು.

ಮೊದಲ ಸಲ ಗಾಳಿ ಕೊಟ್ಟಾಗ ಉಲ್ಟಾ ತಿರುಗಿತು. ವಾಲ್ವ್ ನಡೆಸುವ ಎಸೆಂಟ್ರಿಕ್ ಚಕ್ರ ಕ್ರ್ಯಾಂಕ್‌ಗಿಂತ ತೊಂಬತ್ತು ಡಿಗ್ರಿಯ ಮೇಲೆ ಸ್ವಲ್ಪ ಮುಂದಿರಬೇಕು, ನಾನು ಹಿಂದೆ ಕೂರಿಸಿದ್ದೆ. ಮೊಮ್ಮಗ "ಅಜ್ಜ, ರಿವರ್ಸ್ ಗೇರ್ ಚೆನ್ನಾಗಿದೆ" ಅಂದ.

ನಡುವೆ ಒಂದು ದಿನ ಹುಮ್ಮಸ್ಸು ತಡೆಯಲಾರದೆ ಕುಕ್ಕರ್‌ನ ಹಬೆಯಲ್ಲಿ ಓಡಿಸಿದೆ. ಹಬೆಗಿಂತ ನೀರೇ ಜಾಸ್ತಿ ಬಂದು ಸಿಲಿಂಡರ್ ಕವರ್ ಡಬ್ ಡಬ್ ಅಂತ ಬಡಿಯಿತು, ಗ್ಯಾಸ್ಕೆಟ್ ಕಿತ್ತುಹೋಯ್ತು. ಹೇಗೆ ಜೋಡಿಸಿದೆ ಅಂತ ಹೇಳಲ್ಲ, ನೀವೂ ಮಾಡಬೇಡಿ. ಹೊಸ ಕುಕ್ಕರ್ ಎರಡು ಸಾವಿರದ ಇನ್ನೂರು, ಅದೂ ಎಂಜಿನ್ ಖರ್ಚಿಗೇ ಸೇರಿತು.

ಒಟ್ಟು ಲೆಕ್ಕ ಕೇಳುವವರಿಗೆ: ಬಟ್ಟು, ಇದ್ದಿಲು, ಹಾಳಾದ ಟೂಲ್, ಹಿತ್ತಾಳೆ, ನಟ್ಟು ಬೋಲ್ಟು ಎಲ್ಲ ಸೇರಿ ಐದೂವರೆ ಸಾವಿರ, ಕುಕ್ಕರ್ ಬಿಟ್ಟು. ಲೇತ್ ಲೆಕ್ಕಕ್ಕೆ ಹಿಡಿಯಬೇಡಿ, ಅದು ಹೇಗೂ ಬೇಕಿತ್ತು. ಸಮಯ ಎಂಟು ತಿಂಗಳು.

ಫೌಂಡ್ರಿ ಗೆಳೆಯ ಬಂದು ನೋಡಿದ. ಫ್ಲೈವೀಲ್ ಮೇಲೆ ಉಗುರು ಇಟ್ಟು ತಿರುಗಿಸಿ, "ಬ್ಯಾಲೆನ್ಸ್ ಸ್ವಲ್ಪ ಔಟ್ ಐತಿ" ಅಂದ. ಇದೆ, ಒಪ್ಪಿದೆ. ಆಮೇಲೆ ಹೊಟ್ಟಿನ ರಾಶಿಯ ಹತ್ತಿರ ಹೋಗಿ ಡಬ್ಬಿಯ ಅಳತೆ ಗೇಣಿನಲ್ಲಿ ತೆಗೆದುಕೊಂಡ. ಪುಡಿಗೆ ಏನು ಬೆರೆಸ್ತೀಯ ಅಂತ ಎರಡು ಸಲ ಕೇಳಿದ. ಹೇಳಲಿಲ್ಲ.

ಈಗ ಬಾಯ್ಲರ್ ಕೆಲಸ. ಮೂರಿಂಚಿನ ತಾಮ್ರದ ಪೈಪ್ ತಂದಿಟ್ಟಿದ್ದೇನೆ, ಎರಡು ತುದಿಯ ಪ್ಲೇಟ್‌ಗೂ ಅಂಚು ಮಡಚಿ ಆಗಿದೆ. ಚದರ ಸೆಂಟಿಮೀಟರ್‌ಗೆ ಮೂರು ಕೆಜಿ ಒತ್ತಡದಲ್ಲಿ ಓಡಿಸುವ ಲೆಕ್ಕ, ಹಾಗಾಗಿ ಆರಕ್ಕೆ ನೀರು ತುಂಬಿ ಪರೀಕ್ಷೆ ಮಾಡಬೇಕು, ಅದಕ್ಕೆ ಹಳೇ ಗ್ರೀಸ್ ಗನ್ ಒಂದನ್ನು ತೊಳೆದಿಟ್ಟಿದ್ದೇನೆ. ಬೆಳ್ಳಿ ಸೋಲ್ಡರ್ ಕಡ್ಡಿಯ ಬೆಲೆ ಕೇಳಿ ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬಂದೆ. ಮುಂದಿನ ತಿಂಗಳ ಪೆನ್ಷನ್ ಬರಲಿ.