ಪಣಂಬೂರಿಗೆ ಅಂತ ಹೇಳಿ ಹೊರಟ ದಿನ

ಮಗಳಿಗೆ ಆಗ ನಾಲ್ಕೂವರೆ ವರ್ಷ. ಕಟಪಾಡಿಯಲ್ಲಿ ಬಸ್ ಹತ್ತುವಾಗ "ಎಲ್ಲಿಗಮ್ಮ?" ಅಂತ ಕೇಳಿದಳು. "ಪಣಂಬೂರು ಬೀಚಿಗೆ, ಒಂಟೆ ನೋಡಲಿಕ್ಕೆ" ಅಂದೆ. ಕಾಪು ದಾಟಿತು. ಪಡುಬಿದ್ರಿ, ಮುಲ್ಕಿ, ಸುರತ್ಕಲ್ ದಾಟಿತು. ಪಣಂಬೂರಿನಲ್ಲಿ ಬಸ್ ನಿಂತಾಗ ಅವಳು ಸೀಟಿನಿಂದ ಇಳಿದು, ಚಪ್ಪಲಿ ಹಾಕಿಕೊಂಡು ತಯಾರಾಗಿ ನಿಂತಳು. ನಾನು ಕೈ ಹಿಡಿದು ಕೂರಿಸಿದೆ. ಬಸ್ ಮುಂದೆ ಹೋಯಿತು. ಅವಳು ಅಳಲಿಲ್ಲ. ಆಸ್ಪತ್ರೆಯ ಗೇಟು ಬರುವ ತನಕ ಒಂದು ಮಾತೂ ಆಡಲಿಲ್ಲ.

ಅವಳು ಸೀಳುತುಟಿ, ಸೀಳು ಅಂಗುಳದೊಂದಿಗೆ ಹುಟ್ಟಿದ ಮಗು. ಅದು ಅವಳ ಮೂರನೇ ಆಪರೇಶನ್. ಅದಾದ ಮೇಲೆ ಸುಮಾರು ಆರು ತಿಂಗಳು ನಾನು ಚೀಲ ಕೈಗೆತ್ತಿಕೊಂಡರೆ ಸಾಕು, ಓಡಿ ಹೋಗಿ ಅಜ್ಜಿಯ ಸೆರಗು ಹಿಡಿಯುತ್ತಿದ್ದಳು. ಹೊಲಿಗೆ ವಾಸಿಯಾದ ಮೇಲೆ ಒಂದು ಭಾನುವಾರ ನಿಜವಾಗಿಯೂ ಪಣಂಬೂರಿಗೆ ಹೋದೆವು. ಒಂಟೆಯ ಹತ್ತಿರವೂ ಅವಳು ಹೋಗಲಿಲ್ಲ. ಹೆದರುತ್ತಾಳೆ ಅಂತ ಹೇಳಿದ ಸುಳ್ಳು ಅವಳ ಹೆದರಿಕೆಯನ್ನು ಜಾಸ್ತಿ ಮಾಡಿತ್ತು. ಈಗ ಅವಳಿಗೆ ಹದಿನೇಳು. ಇಂಥ ಮಗು ಹುಟ್ಟಿದ ಮನೆಯವರು ಯಾರಾದರೂ ಸಿಕ್ಕಿದರೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಅವಳು ಹುಟ್ಟಿದ್ದು 2008ರಲ್ಲಿ. ಮೇಲ್ತುಟಿ ಎಡಗಡೆ ಮೂಗಿನ ತನಕ ಸೀಳಿತ್ತು. ಒಸಡು, ಬಾಯಿಯ ಒಳಗಿನ ಅಂಗುಳ ಕೂಡ ಸೇರಿರಲಿಲ್ಲ. ಹೆರಿಗೆ ಕೋಣೆಯಲ್ಲಿದ್ದ ಒಬ್ಬರು "ಗ್ರಹಣದ ದಿನ ಹೊರಗೆ ಹೋಗಿದ್ಯಾ?" ಅಂತ ಕೇಳಿದರು. ನಾನಿನ್ನೂ ಮಗುವಿನ ಮುಖ ಸರಿಯಾಗಿ ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಅತ್ತೆಯೂ ಅದನ್ನೇ ಕೇಳಿದರು. ಗ್ರಹಣದಲ್ಲಿ ತರಕಾರಿ ಹೆಚ್ಚಿದೆಯಾ, ಕತ್ತಿ ಮುಟ್ಟಿದೆಯಾ ಅಂತ. ನಾನು ರಾತ್ರಿಯೆಲ್ಲ ಕೂತು ಲೆಕ್ಕ ಹಾಕುತ್ತಿದ್ದೆ.

ಆ ಲೆಕ್ಕ ನಿಂತದ್ದು ಡಾಕ್ಟರ್ ಒಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದ ಮೇಲೆ. ಹೊಟ್ಟೆಯಲ್ಲಿ ಮಗುವಿನ ಮುಖ ಎರಡು ಕಡೆಯಿಂದ ಬೆಳೆದು ನಡುವೆ ಕೂಡುತ್ತದೆ. ತುಟಿ ಕೂಡುವುದು ನಾಲ್ಕರಿಂದ ಏಳನೇ ವಾರದ ಒಳಗೆ. ಅಂಗುಳ ಅದಾದ ಮೇಲೆ ಎರಡು ಮೂರು ವಾರಕ್ಕೆ. ಕೆಲವು ಮಕ್ಕಳಲ್ಲಿ ಅದು ಕೂಡುವುದಿಲ್ಲ. ಸುಮಾರು 700 ಮಕ್ಕಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ ಅಂದರು. "ನೀವು ಬಸುರಿ ಅಂತ ನಿಮಗೆ ಗೊತ್ತಾಗುವಾಗ ತುಟಿಯ ಕೆಲಸ ಹೆಚ್ಚುಕಡಿಮೆ ಮುಗಿದಿತ್ತಮ್ಮ" ಅಂದರು. ಆ ಕಾಗದ ತಂದು ಅತ್ತೆಗೆ ತೋರಿಸಿದೆ. ಅತ್ತೆ ಏನೂ ಹೇಳಲಿಲ್ಲ. ಆದರೆ ಅವತ್ತು ರಾತ್ರಿಯಿಂದ ಹಾಲು ಕುಡಿಸುವ ಕೆಲಸ ಅವರೇ ವಹಿಸಿಕೊಂಡರು.

ಹಾಲು ಕುಡಿಸುವುದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಮೊದಲ ತಿಂಗಳುಗಳಲ್ಲಿ ನಮ್ಮ ಬದುಕೇ ಅದಾಗಿತ್ತು. ಅಂಗುಳ ತೆರೆದಿದ್ದರೆ ಮಗು ಚೀಪಿದಾಗ ಗಾಳಿ ಮೂಗಿನಿಂದ ಒಳಬರುತ್ತದೆ, ಎಳೆತ ಸಿಗುವುದಿಲ್ಲ. ಮಗು ಎದೆಗೆ ಬಾಯಿ ಹಾಕುತ್ತದೆ, ಚೀಪುತ್ತದೆ, ಸುಸ್ತಾಗಿ ಮಲಗುತ್ತದೆ. ಕುಡಿದಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಕುಡಿದಿರುವುದಿಲ್ಲ. ಹತ್ತು ದಿನದಲ್ಲಿ ಅವಳ ತೂಕ ಇಳಿದಿತ್ತು. ಆಮೇಲೆ ಎದೆಹಾಲು ಹಿಂಡಿ ತೆಗೆದು ಒಳಲೆಯಲ್ಲಿ ಕುಡಿಸಲಿಕ್ಕೆ ಹೇಳಿಕೊಟ್ಟರು. ಅತ್ತೆಯ ಪೆಟ್ಟಿಗೆಯಲ್ಲಿ ನನ್ನ ಗಂಡನಿಗೆ ಕುಡಿಸಿದ ಬೆಳ್ಳಿಯ ಒಳಲೆಯೇ ಇತ್ತು. ಮಗುವನ್ನು ಮಲಗಿಸದೆ, ತಲೆ ಎತ್ತರವಾಗಿರುವಂತೆ ತೊಡೆಯ ಮೇಲೆ ಕೂರಿಸಿ, ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು. ನಡುನಡುವೆ ಬೆನ್ನು ತಟ್ಟಿ ತೇಗು ಬರಿಸಬೇಕು. ಒಂದು ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬೇಡ, ಮಗು ಕುಡಿಯುವ ಆಯಾಸದಲ್ಲೇ ಸೊರಗುತ್ತದೆ. ಮೂಗಿನಿಂದ ಹಾಲು ಬಂದರೆ ಗಾಬರಿ ಬೇಡ, ನಿಲ್ಲಿಸಿ ಒರೆಸಿ ಮತ್ತೆ ಶುರು ಮಾಡಬೇಕು. ರಾತ್ರಿ ಎರಡು ಗಂಟೆಯ ಹಾಲು ಅತ್ತೆಯದ್ದು, ಐದು ಗಂಟೆಯದ್ದು ನನ್ನದು. ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆವು. ತುಟಿಯ ಆಪರೇಶನ್‌ಗೆ ಹತ್ತು ವಾರ ತುಂಬಿರಬೇಕು, ತೂಕ ನಾಲ್ಕೂವರೆ ಕಿಲೋ ದಾಟಿರಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಇರಬೇಕು ಅಂದಿದ್ದರು. ನಮ್ಮ ಮನೆಯಲ್ಲಿ ಆಗ ಎಲ್ಲರ ಬಾಯಲ್ಲೂ ನಾಲ್ಕೂವರೆ ಕಿಲೋದ್ದೇ ಮಾತು.

ಆ ತಿಂಗಳುಗಳಲ್ಲಿ ನಾನು ಒಂದು ತಪ್ಪು ಮಾಡಿದೆ. ಹೊರಗೆ ಹೋಗುವಾಗ ಮಗುವಿನ ಮುಖದ ಮೇಲೆ ಬಟ್ಟೆ ಹಾಕುತ್ತಿದ್ದೆ. ಬಿಸಿಲಿಗೆ ಅಂತ ಹೇಳುತ್ತಿದ್ದೆ. ಮುಂಬೈಯಿಂದ ಬಂದ ನನ್ನ ತಮ್ಮ ಅವಳು ನಗುವಾಗ ಒಂದು ಫೋಟೊ ತೆಗೆದ. ನಾನು ಅವನ ಮೇಲೆ ರೇಗಿದೆ. ಯಾರಿಗೂ ತೋರಿಸಬೇಡ, ಪ್ರಿಂಟ್ ಹಾಕಿಸಬೇಡ ಅಂದೆ.

ತುಟಿ ಹೊಲಿದದ್ದು ನಾಲ್ಕೂವರೆ ತಿಂಗಳಿಗೆ. ಮಂಗಳೂರಿನಲ್ಲಿ ನನ್ನ ತಂಗಿಯ ಮನೆ ಇರುವುದರಿಂದ ಅಲ್ಲಿಯ ಆಸ್ಪತ್ರೆಯನ್ನೇ ಹಿಡಿದಿದ್ದೆವು. ಮಗುವನ್ನು ಹೊರಗೆ ತಂದು ಕೈಗೆ ಕೊಟ್ಟಾಗ ಎಲ್ಲರೂ "ಎಷ್ಟು ಚಂದ ಆಗಿದೆ" ಅಂದರು. ನನಗೆ ಮಾತ್ರ ಎದೆ ಖಾಲಿ ಆದ ಹಾಗಾಯಿತು. ಅವಳ ಆ ಅಗಲದ ನಗು ಹೋಗಿತ್ತು. ನಾಲ್ಕು ತಿಂಗಳು ನನ್ನನ್ನು ನೋಡಿ ನಕ್ಕ ಮುಖ ಅದೇ ತಾನೇ? ಇದನ್ನು ಯಾರ ಹತ್ತಿರವೂ ಹೇಳಲಿಲ್ಲ, ಸುಮ್ನೆ ಹುಚ್ಚು ಅಂದುಕೊಂಡಾರು ಅಂತ. ಆಮೇಲೆ ಆಸ್ಪತ್ರೆಯಲ್ಲಿ ಸಿಕ್ಕಿದ ಬೇರೆ ಅಮ್ಮಂದಿರೂ ಇದನ್ನೇ ಹೇಳಿದರು.

ಅಂಗುಳದ ಆಪರೇಶನ್ ಹನ್ನೊಂದು ತಿಂಗಳಿಗೆ ಆಯಿತು. ಅದು ಎರಡು ಸಲ ಮುಂದೆ ಹೋಗಿತ್ತು, ಎರಡು ಸಲವೂ ಶೀತದಿಂದ. ಕಫ ಇದ್ದರೆ ಅರಿವಳಿಕೆ ಕೊಡುವುದು ಅಪಾಯ, ವಾಪಸ್ ಕಳಿಸುತ್ತಾರೆ. ನಂತರ ನಾವು ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ತಾರೀಕು ಸಿಕ್ಕಿದ ಮೇಲೆ ಎರಡು ವಾರ ಮದುವೆ ಇಲ್ಲ, ಜಾತ್ರೆ ಇಲ್ಲ, ಶೀತ ಇದ್ದ ನೆಂಟರು ಮನೆಗೆ ಬರುವ ಹಾಗಿಲ್ಲ. ಬೇಸರ ಮಾಡಿಕೊಂಡವರು ಮಾಡಿಕೊಂಡರು. ನಮ್ಮ ಕಡೆಯ ಮಳೆಗಾಲದಲ್ಲಿ ಮಕ್ಕಳ ಮೂಗು ಒಣಗುವುದೇ ಇಲ್ಲ, ಅಲ್ವಾ? ತಾರೀಕು ಆರಿಸಿಕೊಳ್ಳಲು ಬಿಟ್ಟರೆ ನಾನು ಡಿಸೆಂಬರ್, ಜನವರಿ ಕೇಳುತ್ತೇನೆ.

ಆಪರೇಶನ್ ಆದ ಮೇಲಿನ ಮೂರು ವಾರ ಬಾಯಿಗೆ ಚಮಚ ಇಲ್ಲ, ಗಟ್ಟಿಯಾದದ್ದು ಏನೂ ಇಲ್ಲ. ಕುಚ್ಚಲಕ್ಕಿ ಗಂಜಿಯ ತಿಳಿ, ಸೋಸಿದ ತೆಳ್ಳಗಿನ ರಾಗಿ ಮಣ್ಣಿ. ಪ್ರತಿ ಸಲ ಕುಡಿಸಿದ ಮೇಲೆ ಒಂದು ಗುಟುಕು ನೀರು. ಕೈ ಬಾಯಿಗೆ ಹೋಗಬಾರದು ಅಂತ ಮೊಣಕೈ ಮಡಚದ ಹಾಗೆ ಪಟ್ಟಿ ಕಟ್ಟುತ್ತಾರೆ. ಆಸ್ಪತ್ರೆಯದ್ದು ಬೆವರಿಗೆ ಕೆರೆತ ಬಂತು. ನಾನು ಟೈಲರಿಂಗ್ ಮಾಡುವವಳು, ಹಳೆಯ ಹತ್ತಿ ಸೀರೆಯೊಳಗೆ ರಟ್ಟು ಇಟ್ಟು ನಾಲ್ಕು ಜೊತೆ ಹೊಲಿದೆ, ದಿನಕ್ಕೊಂದು ಜೊತೆ ತೊಳೆಯಲಿಕ್ಕೆ ಆಗುವ ಹಾಗೆ. ಡಾಕ್ಟರಿಗೆ ತೋರಿಸಿಯೇ ಕಟ್ಟಿದ್ದು.

ಹೀಗೆಲ್ಲ ಮಾಡಿಯೂ ಅಂಗುಳದಲ್ಲಿ ಸಣ್ಣ ತೂತು ಉಳಿಯಿತು. ಕೆಲವು ಮಕ್ಕಳಲ್ಲಿ ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದರು. ಅದನ್ನು ಮುಚ್ಚಲಿಕ್ಕೆಂದೇ ನಾಲ್ಕೂವರೆ ವರ್ಷಕ್ಕೆ ಆ ಪಣಂಬೂರಿನ ಪ್ರಯಾಣ. ಅವತ್ತೇ ಕಿವಿಗೂ ಸಣ್ಣ ನಳಿಕೆ ಹಾಕಿದರು. ಅಂಗುಳದ ಸ್ನಾಯು ಸರಿ ಇಲ್ಲದಿದ್ದರೆ ಕಿವಿಯ ಒಳಗೆ ನೀರು ನಿಲ್ಲುತ್ತದೆ, ಕೇಳುವುದು ಕಡಿಮೆಯಾಗುತ್ತದೆ. ಕರೆದರೆ ಅವಳು ತಿರುಗದಿದ್ದಾಗ ಹಟ ಅಂತ ಗದರಿಸಿದ್ದೆ. ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದಾಗಲೂ ಗದರಿಸಿದ್ದೆ. ಸೀಳು ಅಂಗುಳದ ಮಗುವಿಗೆ ಕಿವಿ ಪರೀಕ್ಷೆಯನ್ನು ತಪ್ಪಿಸಲೇಬೇಡಿ.

ಮಾತು ಕಲಿಸಿದ್ದು ಎಲ್ಲಕ್ಕಿಂತ ದೊಡ್ಡ ಕೆಲಸ. ಗಾಳಿ ಮೂಗಿಗೆ ಹೋಗುವುದರಿಂದ ಪ, ಬ, ತ, ಕ ಯಾವುದೂ ಗಟ್ಟಿಯಾಗಿ ಬರುತ್ತಿರಲಿಲ್ಲ. "ಪಪ್ಪಾಯಿ" ಅಂದರೆ "ಮಮ್ಮಾಯಿ" ಕೇಳುತ್ತಿತ್ತು. ಯಾರೋ ಹೇಳಿದರು ಅಂತ ತಿಂಗಳುಗಟ್ಟಲೆ ಬಲೂನು ಊದಿಸಿದೆವು, ಪೀಪಿ ಊದಿಸಿದೆವು. ಮಾತು ಕಲಿಸುವ ಥೆರಪಿಸ್ಟ್ ಮೇಡಂ ಅದನ್ನು ನಿಲ್ಲಿಸಿದರು. ಊದಿದರೆ ಊದಲು ಬರುತ್ತದೆ, ಮಾತು ಬರಬೇಕಾದರೆ ಮಾತನ್ನೇ ಅಭ್ಯಾಸ ಮಾಡಿಸಬೇಕು ಅಂದರು. ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿಯಲು ಕಲಿಸಿದರು. "ಪ" ಅಂದಾಗ ಕನ್ನಡಿ ಮಬ್ಬಾದರೆ ಗಾಳಿ ಮೂಗಿನಿಂದ ಹೋಗಿದೆ ಅಂತ ಅರ್ಥ. ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ನಮ್ಮದು ತುಳು ಅಂದೆ. ಹಾಗಾದರೆ ತುಳುವಿನಲ್ಲೇ ಶುರು ಮಾಡುವ ಅಂದರು. "ಪೋದು ಬರ್ಪೆ." ಹೋಗಿ ಬರ್ತೇನೆ ಅಂತ ನಾವು ದಿನಾ ಹೇಳುವ ಮಾತು. ಪ ಉಂಟು, ದ ಉಂಟು, ಬ ಉಂಟು, ಮೂಗಿನ ಅಕ್ಷರ ಒಂದೂ ಇಲ್ಲ. ಮನೆಯಿಂದ ಯಾರು ಹೊರಗೆ ಹೊರಟರೂ ಬಾಗಿಲಲ್ಲಿ ನಿಂತು ಅವಳಿಗೆ "ಪೋದು ಬರ್ಪೆ" ಹೇಳಬೇಕು, ಅವಳೂ ತಿರುಗಿ ಹೇಳಬೇಕು. ಮಲ್ಪೆ ಬಂದರಿಗೆ ನಸುಕಿನಲ್ಲಿ ಹೊರಡುವ ಇವರು ಮಗಳು ಎದ್ದಿದ್ದರೆ ಮೂರು ಸಲ ಹೊರಗೆ ಹೋಗಿ ಮೂರು ಸಲ ಒಳಗೆ ಬರುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಕನ್ನಡಿ ಮಬ್ಬಾಗಲಿಲ್ಲ.

ಶಾಲೆಯಲ್ಲಿ ಮಕ್ಕಳು ಕೇಳುವುದು ಸಹಜ. ಉತ್ತರವನ್ನು ಮನೆಯಲ್ಲೇ ಅಭ್ಯಾಸ ಮಾಡಿದೆವು. "ಹುಟ್ಟುವಾಗ ತುಟಿ ಸೇರಿರಲಿಲ್ಲ, ಡಾಕ್ಟರ್ ಸೇರಿಸಿದ್ದಾರೆ." ಅಷ್ಟೇ. ಮಕ್ಕಳಿಗೆ ಅಷ್ಟು ಸಾಕಾಗುತ್ತದೆ. ದೊಡ್ಡವರದ್ದೇ ಕಷ್ಟ. ವಾರ್ಷಿಕೋತ್ಸವದ ಹಾಡಿನಲ್ಲಿ ಒಬ್ಬ ಟೀಚರ್ ಅವಳನ್ನು ಹಿಂದಿನ ಸಾಲಿಗೆ ಹಾಕಿದರು, ಅವಳ ಒಳ್ಳೆಯದಕ್ಕೇ ಅಂದರು. ಇವರು ಹೋಗಿ ಮಾತಾಡಿದರು. ಜಗಳ ಆಡಲಿಲ್ಲ, ಆದರೆ ಮುಂದಿನ ಸಾಲು ಸಿಗುವ ತನಕ ಅಲ್ಲಿಂದ ಏಳಲಿಲ್ಲ.

ನಾಲ್ಕನೇ ಆಪರೇಶನ್ 2017ರ ಡಿಸೆಂಬರಿನಲ್ಲಿ. ಸೀಳಿದ ಒಸಡಿಗೆ ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ತುಂಬುವುದು. ಕೋರೆಹಲ್ಲು ಇಳಿಯುವ ಮೊದಲು ಇದು ಆಗಬೇಕು, ಮೂಳೆ ಇಲ್ಲದ ಜಾಗಕ್ಕೆ ಹಲ್ಲು ಬರುವುದಿಲ್ಲ. ಈ ಸಲ ಒಂದು ತಿಂಗಳು ಮೊದಲೇ ಅವಳಿಗೆ ಎಲ್ಲ ಹೇಳಿದೆವು. ಎಲ್ಲಿ ಕೊಯ್ಯುತ್ತಾರೆ, ಯಾವಾಗ ಊಟ ನಿಲ್ಲಿಸಬೇಕು, ಎದ್ದಾಗ ಯಾರು ಪಕ್ಕದಲ್ಲಿರುತ್ತಾರೆ, ಎಲ್ಲ. "ನೋವಾಗ್ತದಾ?" ಅಂತ ಕೇಳಿದಳು. "ಆಗ್ತದೆ, ಬಾಯಿಗಿಂತ ಸೊಂಟ ಜಾಸ್ತಿ ನೋಯ್ತದಂತೆ" ಅಂದೆ. ಅವತ್ತು ರಾತ್ರಿ ಅತ್ತಳು. ಆದರೆ ಆಪರೇಶನ್ ದಿನ ತನ್ನ ಚೀಲ ತಾನೇ ಹಿಡಿದು ಬಸ್ ಹತ್ತಿದಳು. ಹತ್ತು ದಿನ ಕುಂಟುತ್ತಾ ನಡೆದಳು.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಮಂಗಳೂರಿನಲ್ಲಿ ಬಳೆಯ ಹಾಗೆ ಕಾಣುತ್ತದೆ ಅಂತ ಅವಳು ಚಿಕ್ಕಮ್ಮನ ಮನೆಗೆ ಹೋಗುವ ಹಟ ಹಿಡಿದಳು. ಅತ್ತೆಯನ್ನೂ ಕರೆದುಕೊಂಡು ಹೋದಳು. ಒಂಬತ್ತೂವರೆಯ ಹೊತ್ತಿಗೆ ಇಬ್ಬರೂ ಗ್ರಹಣ ಕನ್ನಡಕ ಹಾಕಿಕೊಂಡು ತಾರಸಿಯಲ್ಲಿ ನಿಂತದ್ದನ್ನು ನಾನು ಮೆಟ್ಟಿಲಿನಿಂದ ನೋಡಿದೆ.

ಕೊರೊನಾ ಬಂದಾಗ ಮಾಸ್ಕ್ ಅವಳಿಗೆ ತುಂಬಾ ಹಿಡಿಸಿತು. ಎಲ್ಲರೂ ತೆಗೆದ ಮೇಲೂ ಅವಳು ತೆಗೆಯಲಿಲ್ಲ. ಮದುವೆ ಮನೆಯ ಊಟಕ್ಕೂ ಕೂರುತ್ತಿರಲಿಲ್ಲ. ತೆಗಿ ಅಂತ ನಾವು ಒತ್ತಾಯ ಮಾಡಲಿಲ್ಲ, ಅದು ಸರಿಯೋ ತಪ್ಪೋ ಅಂತ ದಿನಾ ಯೋಚನೆ ಮಾಡುತ್ತಿದ್ದೆ. ಆ ಸಮಯದಲ್ಲೇ ಒಂದು ದಿನ "ಆಪರೇಶನ್‌ಗೆ ಮೊದಲು ನಾನು ಹೇಗಿದ್ದೆ?" ಅಂತ ಕೇಳಿದಳು. ಮನೆಯಲ್ಲಿ ಒಂದು ಫೋಟೊ ಇರಲಿಲ್ಲ. ಯಾಕೆ ಇಲ್ಲ ಅಂತ ಹೇಳಬೇಕಾಯಿತು. ಬಟ್ಟೆ ಹಾಕಿದ್ದನ್ನೂ ಹೇಳಿದೆ. ಶಿರ್ವದಲ್ಲಿರುವ ನನ್ನ ಅಮ್ಮ, ತಮ್ಮ ತೆಗೆದ ಆ ಫೋಟೊದ ಪ್ರಿಂಟನ್ನು ನನಗೆ ಗೊತ್ತಿಲ್ಲದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ತಂದುಕೊಟ್ಟೆ. ಮಗಳು ತುಂಬಾ ಹೊತ್ತು ನೋಡಿದಳು. "ನಗು ದೊಡ್ಡದಿತ್ತು ಅಲ್ವಾ ಅಮ್ಮ?" ಅಂದಳು. ಈಗ ಅದು ಅವಳ ಓದುವ ಮೇಜಿನ ಮೇಲೆ ಉಂಟು. ಮಾಸ್ಕ್ ಅದಾಗಿ ಸುಮಾರು ಸಮಯದ ಮೇಲೆ ತಾನಾಗಿ ಹೋಯಿತು.

ಖರ್ಚಿನ ವಿಷಯ ತುಂಬಾ ಜನ ಕೇಳುತ್ತಾರೆ. ಸ್ಮೈಲ್ ಟ್ರೇನ್ ಎಂಬ ಸಂಸ್ಥೆ ತನ್ನ ಜೊತೆ ಸೇರಿದ ಆಸ್ಪತ್ರೆಗಳಲ್ಲಿ ಸೀಳುತುಟಿ, ಸೀಳು ಅಂಗುಳದ ಆಪರೇಶನ್ ಉಚಿತವಾಗಿ ಮಾಡಿಸುತ್ತದೆ. ದೇರಳಕಟ್ಟೆಯಲ್ಲಿ ಇಂಥ ಮಕ್ಕಳಿಗಾಗಿಯೇ ನಿಟ್ಟೆ ಮೀನಾಕ್ಷಿ ಕ್ರೇನಿಯೋಫೇಶಿಯಲ್ ಸರ್ಜರಿ ಸಂಸ್ಥೆ ಉಂಟು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ಈ ಮಕ್ಕಳು ಸೇರುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಬಸ್ಸಿನ ಖರ್ಚು, ಕೆಲಸಕ್ಕೆ ಹೋಗದ ದಿನಗಳ ಸಂಬಳ ಮಾತ್ರ ನಮ್ಮದೇ. ಅದಕ್ಕೆ ನಾನು ಹೊಲಿಗೆ ದುಡ್ಡಿನಲ್ಲಿ ಬೇರೆಯೇ ಡಬ್ಬ ಇಟ್ಟಿದ್ದೆ.

ಈಗ ಐದನೇ ಆಪರೇಶನ್‌ನ ಮಾತು ನಡೆಯುತ್ತಿದೆ. ಮೇಲಿನ ದವಡೆ ಸಾಕಷ್ಟು ಮುಂದಕ್ಕೆ ಬೆಳೆದಿಲ್ಲ, ಕೆಳಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬಂದಿದೆ. ಬೆಳವಣಿಗೆ ನಿಂತ ಮೇಲೆ ದವಡೆಯನ್ನು ಮುಂದೆ ತರಬಹುದು. ಈ ಸಲ ಡಾಕ್ಟರ್ ಎದುರು ನಾನು ಬಾಯಿ ತೆರೆಯಲಿಲ್ಲ. ಅವಳೇ ನೋಟ್‌ಬುಕ್ ತೆಗೆದಳು. ದವಡೆ ಮುಂದೆ ಬಂದರೆ ಮಾತು ಮತ್ತೆ ಮೂಗಿನಲ್ಲಿ ಬರುತ್ತದಾ ಅಂತ ಕೇಳಿದಳು. ಕೆಲವರಿಗೆ ಹಾಗಾಗುವುದುಂಟು, ಅದಕ್ಕೆ ಮೊದಲೇ ಮಾತಿನ ಪರೀಕ್ಷೆ ಮಾಡುತ್ತೇವೆ ಅಂದರು. ಮುಟ್ಟಿದರೆ ತುಟಿಗೆ ಗೊತ್ತಾಗುತ್ತದಾ, ಎಷ್ಟು ದಿನ ಗಂಜಿ, ಎಲ್ಲ ಕೇಳಿ ಬರೆದುಕೊಂಡಳು. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ಮೇಲೆ ದವಡೆಯದ್ದು ಮಾಡಿಸುವ, ಮೂಗು ಸರಿ ಮಾಡುವ ಆಪರೇಶನ್ ಈಗ ಬೇಡ ಅಂತ ಅವಳೇ ಹೇಳಿದಳು. ಆಸ್ಪತ್ರೆಯಲ್ಲಿ ರಾತ್ರಿ ಅಪ್ಪ ಇದ್ದರೆ ಸಾಕಂತೆ. ಅಮ್ಮ ಐದು ನಿಮಿಷಕ್ಕೊಮ್ಮೆ ಎಬ್ಬಿಸಿ ನೋವುಂಟಾ ಅಂತ ಕೇಳುತ್ತಾಳೆ, ಅಪ್ಪ ಸುಮ್ಮನೆ ಕೈ ಹಿಡಿದು ಕೂರುತ್ತಾರೆ ಅಂದಳು. ಹಾಗೇ ಆಗಲಿ ಅಂದೆ. ನಾನು ತಂಗಿಯ ಮನೆಯಲ್ಲಿ ಗಂಜಿ ಮಾಡಿಕೊಂಡು ಇರುತ್ತೇನೆ.