ಕೊಳೆಯ ಈಜುಬೀಜ ಕಡೆಗೂ ಕಂಡಿತು

ಅಡಿಕೆಗೆ ಕೊಳೆರೋಗ ತರುವ ಫೈಟಾಫ್ಥೊರ ಅನ್ನೋ ಸೂಕ್ಷ್ಮಜೀವಿ ನೀರಲ್ಲಿ ಈಜುವ ಬೀಜಕ ಬಿಡುತ್ತದೆ. ಅದನ್ನು ಕಣ್ಣಾರೆ ನೋಡಬೇಕು ಅಂತ ಹೊರಟವನಿಗೆ ಮೂರನೇ ಮಳೆಗಾಲಕ್ಕೆ ಕಂಡಿತು, ಅದೂ ಅಡುಗೆಮನೆ ಕಟ್ಟೆ ಮೇಲೆ. "ಮೊದ್ಲು ತೋಟಕ್ಕೆ ಔಷಧಿ ಹೊಡಿ ಮಾರಾಯ, ಕೊಳೆತ ಅಡಿಕೆ ಇಣುಕಿದ್ರೆ ಏನು ಸಿಗ್ತದೆ?" ಅಂದಿದ್ದ ತೀರ್ಥಹಳ್ಳಿ ಭಾವನಿಗೂ ತೋರಿಸಿಯಾಯಿತು.

ಮೊದಲ ವರ್ಷ ಶಿವಮೊಗ್ಗದಲ್ಲಿ ಹಳೇ ಮೈಕ್ರೋಸ್ಕೋಪ್ ತಂದೆ, ಆರೂವರೆ ಸಾವಿರವೋ ಏನೋ. ಉದುರಿದ ಕಾಯಿಯ ಬಿಳಿ ಬೂಷ್ಟು ಕೆರೆದು ನೋಡಿದರೆ ಬರೀ ದೋಣಿಯಾಕಾರದ ಬೀಜಕಗಳು. ಅದು ಫ್ಯುಸೇರಿಯಂ ಅನ್ನೋ ಬೇರೆ ಬೂಷ್ಟು, ಇಲ್ಲಿ ಕಾಯಿ ಸತ್ತ ಮೇಲೆ ಬಂದ ನೆಂಟ. ಎರಡನೇ ವರ್ಷ ಆಲೂಗಡ್ಡೆ ಗಂಜಿಗೆ ಚೈನಾ ಗ್ರಾಸ್ (ಅಗರ್) ಹಾಕಿ, ಅದನ್ನು ಬೆಳೆಸೋಕೆ ತಟ್ಟೆ ಮಾಡಿದೆ. ಎಲ್ಲ ಹಸಿರು ಬೂಷ್ಟು. ಮನೆಯವಳ ಬೈಗುಳ ಬಿಟ್ಟು ಸಾವಿರದೈನೂರು ಖರ್ಚು.

ಈ ಸಲ ತಟ್ಟೆ ಗೊಡವೆಗೇ ಹೋಗಲಿಲ್ಲ. ಮರದಲ್ಲೇ ಇದ್ದ ಕಾಯಿ ಇಳಿಸಿ, ಕೊಳೆ ಹಸಿರಿಗೆ ತಾಗುವ ಅಂಚಿನಿಂದ ಅಕ್ಕಿಕಾಳಿನಷ್ಟು ಕತ್ತರಿಸಿ, ಒಳ್ಳೆ ಎಳೆಕಾಯಿಯ ಗಾಯಕ್ಕೆ ಸೇರಿಸಿ ಡಬ್ಬಿಯಲ್ಲಿಟ್ಟೆ. ಬೂಷ್ಟು ಬಾರದ ಹಾಗೆ ಡಬ್ಬಿಗೆ ಏನು ಹಾಕಿದೆ ಅನ್ನೋದು ನನ್ನಲ್ಲೇ ಇರಲಿ. ನಾಲ್ಕೈದು ದಿನಕ್ಕೆ ಬಿಳಿ ಎಳೆ. ಅದನ್ನು ಮಳೆನೀರಿಗೆ ಬಿಟ್ಟರೆ ಮಾರನೇ ದಿನ ಮೂತಿಯಿರುವ ಬೀಜಕೋಶಗಳು, ಪೇರಳೆಕಾಯಿ ಹಾಗೆ. ನಲ್ಲಿನೀರಲ್ಲಿ ನನಗೆ ಒಂದೂ ಆಗಲಿಲ್ಲ. ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಹೊರಗೆ ತೆಗೆದೆ. ಅರ್ಧ ಗಂಟೆಗೆ ಮೂತಿ ಬಿಚ್ಚಿ ಇಪ್ಪತ್ತೋ ಮೂವತ್ತೋ ಮರಿಗಳು, ಅಂದರೆ ಈಜುಬೀಜಗಳು, ಬುಳಬುಳನೆ ಹೊರಟು ಈಜಿದವು! ಒಂದೊಂದಕ್ಕೂ ಎರಡೆರಡು ಬಾಲ. ನನ್ನ ಲೆನ್ಸಿಗೆ ಅದು ಸಿಗಲಿಲ್ಲ. ಫೈಟಾಫ್ಥೊರ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಯ ದೂರದ ದಾಯಾದಿ. ಅದರ ಜೀವಕೋಶದ ಗೋಡೆಯಲ್ಲಿರೋದು ಗಿಡಗಳ ಹಾಗೆ ಸೆಲ್ಯುಲೋಸ್. ಆ ಈಜು ನೋಡಿದ ಮೇಲೆ ನಂಬಿಕೆ ಬಂತು.

ನಡುವೆ ಪಕ್ಕದ ಗದ್ದೆಯ ಕೊಳೆಶುಂಠಿಯನ್ನೂ ನೋಡಿದೆ. ಅಲ್ಲಿ ಶುಂಠಿ ಕೊಳೆಸುವ ಪಿಥಿಯಂ ಬೇರೆ ಜಾತಿ: ಕೋಶದೊಳಗಿನದೆಲ್ಲ ಮೊದಲು ಹೊರಗಿನ ಗುಳ್ಳೆಗೆ ಸುರಿದು, ಮರಿಗಳು ಅಲ್ಲಿ ತಯಾರಾಗುತ್ತವೆ. ಎರಡು ದಿನ ಅದರಲ್ಲೇ ಹೋಯಿತು.

ಆಮೇಲೆ ನಿಜವಾದ ಪರೀಕ್ಷೆ. ಅಡಿಕೆಯ ಮರಿಗಳಿದ್ದ ನೀರಿಗೆ ಶೇಕಡಾ 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಒಂದು ತೊಟ್ಟು ಬಿಟ್ಟೆ. ಸ್ವಲ್ಪ ಹೊತ್ತಿಗೆ ಈಜು ನಿಂತಿತು. ಅಂಗಡಿಯವನೊಬ್ಬ "ಮೈಲುತುತ್ತ ಯಾಕೆ ಸಾರ್, ಇದು ಸಾಕು" ಅಂತ ಎಂಟು ಸಾವಿರಕ್ಕೆ ಕಟ್ಟಿದ ಕ್ಯಾನಿನದನ್ನೂ, ಅವನೇ ಹೇಳಿದ ಅಳತೆಯಲ್ಲಿ ಬೆರೆಸಿ ಬಿಟ್ಟೆ. ಮರಿಗಳು ಆರಾಮಾಗಿ ಈಜುತ್ತಲೇ ಇದ್ದವು. ಕ್ಯಾನು ಕೊಟ್ಟಿಗೆ ಮೂಲೆ ಸೇರಿದೆ.

ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನೂ ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿ, "ಇಷ್ಟು ಸಣ್ಣದಕ್ಕೆ ನಾನು ಅಷ್ಟೆತ್ತರ ಹತ್ತೋದಾ ಅಯ್ಯಾ?" ಅಂದು, ಮರಕ್ಕೆ ಎರಡು ರೂಪಾಯಿ ಜಾಸ್ತಿ ಕೇಳಿದ.