ಅಡುಗೆಮನೆಯ ಡಬ್ಬಗಳೂ ಅವುಗಳೊಳಗಿನ ಬಂಧಗಳೂ

ಬಿಸಿ ಕಾವಲಿಯ ಮೇಲೆ ಒಂದು ಚಿಟಿಕೆ ಸಕ್ಕರೆ, ಪಕ್ಕದಲ್ಲೇ ಒಂದು ಚಿಟಿಕೆ ಉಪ್ಪು ಉದುರಿಸಿ ನೋಡಿ. ಸಕ್ಕರೆ ಕರಗಿ, ಕೆಂಪಾಗಿ, ಕೊನೆಗೆ ಕರಿಯಾಗಿ ಅಂಟಿಕೊಳ್ಳುತ್ತದೆ. ಉಪ್ಪು ಒಂದಿಷ್ಟು ಚಟಪಟ ಎನ್ನಬಹುದು, ಕರಗುವುದಂತೂ ಇಲ್ಲ. ಅದಕ್ಕೆ 801 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಯಾರ ಮನೆಯ ಕಾವಲಿಯೂ ಅಷ್ಟು ಕಾಯುವುದಿಲ್ಲ. ಪರಮಾಣುಗಳು ಒಂದನ್ನೊಂದು ಹಿಡಿದುಕೊಳ್ಳುವ ಬಗೆಗೇ ಬಂಧ ಎಂದು ಹೆಸರು; ಹತ್ತನೇ ತರಗತಿಯ ಮಕ್ಕಳು ಅಯಾನಿಕ ಬಂಧ, ಸಹವೇಲೆನ್ಸೀಯ ಬಂಧ ಎಂದು ಉರು ಹೊಡೆಯುವುದು ಇದನ್ನೇ. ಉಪ್ಪಿನಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಟ್ಟಿದೆ. ಹಾಗಾಗಿ ಒಂದಕ್ಕೆ ಧನ ವಿದ್ಯುದಾವೇಶ, ಇನ್ನೊಂದಕ್ಕೆ ಋಣ. ಸುತ್ತಲಿನ ಎಲ್ಲ ದಿಕ್ಕುಗಳಿಂದಲೂ ಒಂದನ್ನೊಂದು ಎಳೆದುಕೊಂಡು ಕೂತಿವೆ; ಇದು ಅಯಾನಿಕ ಬಂಧ. ಸಕ್ಕರೆಯಲ್ಲಾದರೋ ಇಂಗಾಲ, ಜಲಜನಕ, ಆಮ್ಲಜನಕಗಳು ಅಣ್ಣತಮ್ಮಂದಿರು ಒಂದೇ ಬಾವಿಯ ನೀರು ಸೇದಿದಂತೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ; ಇದು ಸಹವೇಲೆನ್ಸೀಯ ಬಂಧ. ಅಣುವಿನೊಳಗೆ ಹಿಡಿತ ಬಿಗಿ. ಅಣುವಿಗೂ ಅಣುವಿಗೂ ನಡುವಿನ ಸೆಳೆತ ಮಾತ್ರ ಸಡಿಲ.

ಆ ಸೆಳೆತ ಇನ್ನೂ ಸಡಿಲವಾದರೆ ಕರ್ಪೂರದ ಹಾಗೆ ಕರಗುವ ಗೋಜಿಗೂ ಹೋಗದೆ ನೇರ ಆವಿಯಾಗಿಬಿಡುತ್ತದೆ. ಕರ್ಪೂರವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಿ. ಬಟ್ಟೆಗೆ ಇಡುವ ನುಸಿಗುಳಿಗೆಯ ಸ್ವಭಾವವೂ ಇದೇ; ಅದನ್ನು ಮಕ್ಕಳ ಕೈಗೂ ಕೂಸಿನ ಬಟ್ಟೆಗೂ ತಾಗಿಸಬೇಡಿ.

ಮನೆಗೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಯಾವುದು ಯಾವುದರಲ್ಲಿ ಕರಗುತ್ತದೆ ಎಂಬ ತಿಳಿವಳಿಕೆ. ನೀರಿನ ಅಣುವಿನಲ್ಲಿ ಹಂಚಿಕೆ ಸಮನಾಗಿಲ್ಲ, ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಹೆಚ್ಚು ಎಳೆದುಕೊಂಡಿದೆ. ಈ ಓರೆಯಿಂದಾಗಿಯೇ ನೀರು ಉಪ್ಪನ್ನು ಬಿಡಿಸಬಲ್ಲದು, ಎಣ್ಣೆಯ ಮುಂದೆ ಮಾತ್ರ ಸೋಲುತ್ತದೆ. ಇಂಗಿನ ಪರಿಮಳ, ಮೆಣಸಿನಕಾಯಿಯ ಖಾರ, ಅರಿಶಿನದ ಬಣ್ಣ ಮೂರೂ ಎಣ್ಣೆಯ ಪಕ್ಷ. ಇಂಗನ್ನು ಕುದಿಯುವ ಸಾರಿಗೆ ನೇರವಾಗಿ ಹಾಕುವವರನ್ನು ಕಂಡರೆ ನನಗೆ ಬೇಸರ. ತುಪ್ಪದ ಒಗ್ಗರಣೆಯಲ್ಲಿ ಒಂದು ಕ್ಷಣ ಅರಳಿಸಿ ಹಾಕಿದರೆ ಅರ್ಧ ಇಂಗು ಸಾಕು. ಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತಿದ್ದರೆ ಬರೀ ನೀರು ಪ್ರಯೋಜನವಿಲ್ಲ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಸೋಪಿನ ಅಣುವಿಗೆ ಅಯಾನಿಕ ತಲೆಯೊಂದು, ಎಣ್ಣೆಗೆ ಒಗ್ಗುವ ಉದ್ದ ಬಾಲವೊಂದು. ನೀರೂ ಎಣ್ಣೆಯೂ ರಾಜಿಯಾಗುವುದು ಅದರ ಮಧ್ಯಸ್ಥಿಕೆಯಲ್ಲಿ. ಬಾಯಿ ಉರಿದರೆ ಹಾಲು ಅಥವಾ ಮೊಸರು. ಬಿಳಿ ಅಂಗಿಗೆ ಹುಳಿ ಚೆಲ್ಲಿ ಅರಿಶಿನದ ಕಲೆಯಾದಾಗ ಸೋಪು ತಾಗಿ ಅದು ಕೆಂಪಾದರೆ ಗಾಬರಿಯಾಗಬೇಡಿ, ಸೋಪಿನ ಕ್ಷಾರಕ್ಕೆ ಅರಿಶಿನ ತೋರುವ ಬಣ್ಣ ಅದು. ಒಗೆದು ಸುಡುಬಿಸಿಲಿನಲ್ಲಿ ಹರವಿ. ಬಣ್ಣದ ಅಣುವನ್ನು ಬಿಸಿಲು ಒಡೆಯುತ್ತದೆ, ಕಲೆ ತಾನಾಗಿ ಮಾಸುತ್ತದೆ.

ಪಾತ್ರೆಗಳದು ಮೂರನೆಯ ಬಗೆ, ಲೋಹೀಯ ಬಂಧ. ಅಲ್ಲಿ ಎಲೆಕ್ಟ್ರಾನುಗಳು ಯಾರ ಸ್ವತ್ತೂ ಅಲ್ಲ, ಲೋಹದ ತುಂಬ ಓಡಾಡಿಕೊಂಡಿರುತ್ತವೆ. ಸ್ಟೀಲ್ ಸೌಟಿನ ಹಿಡಿ ಸುಡುವುದು, ತಂತಿಯಲ್ಲಿ ವಿದ್ಯುತ್ ಹರಿಯುವುದು ಅದಕ್ಕೇ. ಹಿತ್ತಾಳೆ ಮಂಕಾಗುವುದು ಗಾಳಿಯೊಡನೆ ಸೇರಿ ಮೇಲೊಂದು ಸಂಯುಕ್ತದ ಪದರ ಕಟ್ಟಿಕೊಂಡಾಗ. ಹುಣಸೆಹಣ್ಣಿನ ಆಮ್ಲಕ್ಕೆ ಉಪ್ಪು ಬೆರೆಸಿ ತಿಕ್ಕಿದರೆ ಆ ಪದರ ಕರಗುತ್ತದೆ. ಅದೇ ಗುಣದಿಂದಾಗಿ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಲೇಬಾರದು. ತಾಮ್ರ ಊಟಕ್ಕೆ ಇಳಿಯುತ್ತದೆ.

ಬೆಳ್ಳಿಯನ್ನು ತಿಕ್ಕುವುದು ನನಗೆ ಒಪ್ಪಿಗೆಯಿಲ್ಲ, ತಿಕ್ಕಿದಷ್ಟೂ ಬೆಳ್ಳಿ ಸವೆಯುತ್ತದೆ. ಅದರ ಮೇಲಿನ ಕಪ್ಪು ಸಿಲ್ವರ್ ಸಲ್ಫೈಡ್. ಬೋಗುಣಿಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ದೀಪವನ್ನೋ ಲೋಟವನ್ನೋ ಹಾಳೆಗೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿಯಿರಿ. ಅಲ್ಯೂಮಿನಿಯಂ ಕೊಡುವ ಎಲೆಕ್ಟ್ರಾನುಗಳಿಂದ ಬೆಳ್ಳಿ ಗಂಧಕದ ಹಿಡಿತ ಬಿಟ್ಟು ಮತ್ತೆ ಬೆಳ್ಳಿಯಾಗುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಸ್ವಲ್ಪ ಬಂದರೆ ಕೆಲಸ ನಡೆದಿದೆ ಎಂದೇ ಅರ್ಥ. ಹರಳು ಕೂಡಿಸಿದ ಒಡವೆಗೆ ಮಾತ್ರ ಇದು ಬೇಡ.

ಕೊಳವೆ ಬಾವಿಯ ಗಡಸು ನೀರು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಕಾರ್ಬೊನೇಟ್ ಆಗಿ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಚಾಕುವಿನಿಂದ ಕೆರೆಯಬೇಡಿ. ನಿಂಬೆರಸ ಬೆರೆಸಿದ ನೀರು ತುಂಬಿ ರಾತ್ರಿಯಿಡೀ ಬಿಟ್ಟರೆ ಸಾಕು.

ಇಷ್ಟು ಓದಿ ಕಂಡದ್ದನ್ನೆಲ್ಲ ಬೆರೆಸಿ ನೋಡುವ ಉಮೇದು ಬಂದರೆ, ಬಚ್ಚಲಿನ ಸೀಸೆಗಳನ್ನು ಮಾತ್ರ ಬಿಟ್ಟುಬಿಡಿ. ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಉಪ್ಪಿನೊಳಗೆ ಸಾಧುವಾಗಿದ್ದ ಅದೇ ಕ್ಲೋರಿನ್ ಇಲ್ಲಿ ಎರಡೆರಡು ಪರಮಾಣುಗಳ ಜೋಡಿಯಾಗಿ ಶ್ವಾಸಕೋಶವನ್ನು ಸುಡುತ್ತದೆ. ಒಂದು ದಿನ ಒಂದನ್ನು ಬಳಸಿ, ಚೆನ್ನಾಗಿ ನೀರು ಹೊಯ್ದು, ಇನ್ನೊಂದನ್ನು ಬೇರೆ ದಿನಕ್ಕೆ ಇಡಿ. ಅಕಸ್ಮಾತ್ ಮೂಗಿಗೆ ಘಾಟು ಬಡಿದರೆ ನೀರು ಹಾಕಲೆಂದು ನಿಲ್ಲದೆ ತಕ್ಷಣ ಹೊರಗೆ ಬನ್ನಿ.